ಸೋಮವಾರ ಬೆಳಗಿನ 5 ಗಂಟೆಯ ಒಳಗೆ

ಕೆಲವು ತಿಂಗಳ ಹಿಂದೆ, ರಾತ್ರಿ 11 ಗಂಟೆ ದಾಟಿದ ಮೇಲೆ, ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಒಂದು ಉದ್ದನೆಯ ಟ್ರೇಲರ್ ಹಿಂದೆ ಸಿಕ್ಕಿಕೊಂಡಿದ್ದೆ. ಅದರ ಮೇಲೆ ಮೆಟ್ರೊ ಮೇಲ್ಸೇತುವೆಯ ಕಾಂಕ್ರೀಟ್ ಸೆಗ್ಮೆಂಟ್, ಅಂದರೆ ಸಾಲಾಗಿ ಜೋಡಿಸುವ ತುಂಡು, ಒಂದೇ ಒಂದು ಇತ್ತು. ಅದರ ಮಗ್ಗುಲಿಗೆ ಬಣ್ಣದಲ್ಲಿ ಒಂದು ಸಂಖ್ಯೆ ಬರೆದಿದ್ದರು. ಇವನ್ನು ತಯಾರಿಸುವ ಅಂಗಳವಾದ ಕಾಸ್ಟಿಂಗ್ ಯಾರ್ಡ್‌ನಲ್ಲಿ ಪ್ರತಿ ಸೆಗ್ಮೆಂಟನ್ನೂ ಅದರ ಪಕ್ಕದ ಸೆಗ್ಮೆಂಟಿಗೆ ತಾಗಿಸಿಯೇ ಎರಕ ಹೊಯ್ಯುವುದರಿಂದ ಅದರ ಮುಖ ಆ ಒಂದು ಜೋಡಿಗೆ ಮಾತ್ರ ಸರಿಯಾಗಿ ಕೂರುತ್ತದೆ. ಆದ್ದರಿಂದ ಯಾವ ಎರಡು ಕಂಬಗಳ ನಡುವೆ, ಎಷ್ಟನೆಯದಾಗಿ ಅದು ಸೇರಬೇಕೆಂಬುದು ರಸ್ತೆಗೆ ಇಳಿಯುವ ಮೊದಲೇ ತೀರ್ಮಾನವಾಗಿರುತ್ತದೆ. ಕಂಬಗಳ ಮೇಲೆ ಕೂರುವ ಲಾಂಚಿಂಗ್ ಗರ್ಡರ್ ಎಂಬ ಎತ್ತುವ ಯಂತ್ರ ಸೆಗ್ಮೆಂಟ್‌ಗಳನ್ನು ಎತ್ತಿ ಹಿಡಿದಾಗ ಮುಖಗಳಿಗೆ ಎಪಾಕ್ಸಿ ಅಂಟು ಬಳಿದು, ಒಳಗಿನ ಕೊಳವೆಗಳಲ್ಲಿ ಉಕ್ಕಿನ ಕೇಬಲ್ ತೂರಿಸಿ ಬಿಗಿಯುತ್ತಾರೆ. ಸೆಂಟರಿಂಗ್ ಕಟ್ಟಿ, ಕಾಂಕ್ರೀಟ್ ಸುರಿದು, ಕ್ಯೂರಿಂಗ್‌ಗೆಂದು ವಾರಗಟ್ಟಲೆ ರಸ್ತೆ ಮುಚ್ಚುವ ಗೋಜು ಇಲ್ಲಿಲ್ಲ.

ಮೊದಲೇ ಎರಕ ಹೊಯ್ದು ತಂದು ಜೋಡಿಸುವ ಈ ವಿಧಾನ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ನನಗೆ ಮೊದಲು ನೆನಪಾಗುವುದು ಅಮೆರಿಕದ ಬಾಸ್ಟನ್ ಪಕ್ಕದ ಮೆಡ್‌ಫೋರ್ಡ್. 2010ರ ಆಗಸ್ಟ್‌ನಲ್ಲಿ ಅಲ್ಲಿನ ಐ-93 ಹೆದ್ದಾರಿಯ ಸೇತುವೆಯೊಂದರ ಕಾಂಕ್ರೀಟ್ ಹಾಸು ಕುಸಿದು ತೂತು ಬಿದ್ದಿತು. ಅಕ್ಕಪಕ್ಕದ ಸೇತುವೆಗಳೂ 1950ರ ದಶಕದವೇ ಆದ್ದರಿಂದ ಒಂದಕ್ಕೆ ತೇಪೆ ಹಾಕಿ ಸುಮ್ಮನಿರುವಂತಿರಲಿಲ್ಲ. ದಿನಕ್ಕೆ ಸುಮಾರು 2 ಲಕ್ಷ ವಾಹನಗಳು ಓಡುವ ಆ ಹೆದ್ದಾರಿಯಲ್ಲಿ ರೂಢಿಯ ಕ್ರಮಕ್ಕೆ ವರ್ಷಗಳೇ ಬೇಕಾಗುತ್ತಿದ್ದ 14 ಸೇತುವೆಗಳ ಕೆಲಸವನ್ನು 2011ರ ಬೇಸಿಗೆಯ 10 ವಾರಾಂತ್ಯಗಳಲ್ಲಿ ಮುಗಿಸಿದರು. ಪ್ರತಿ ಬಾರಿ ಸಿಗುತ್ತಿದ್ದದ್ದು 55 ಗಂಟೆ. ಸೋಮವಾರ ಬೆಳಗಿನ 5 ಗಂಟೆಗೆ ರಸ್ತೆ ತೆರೆಯಲೇಬೇಕಿತ್ತು. ಒಂದು ದಿಕ್ಕಿನ ರಸ್ತೆಯನ್ನು ಮುಚ್ಚಿ, ಎರಡೂ ದಿಕ್ಕಿನ ವಾಹನಗಳನ್ನು ಮತ್ತೊಂದು ಬದಿಗೆ ತಿರುಗಿಸಿ, ಹಳೆಯ ಹಾಸನ್ನು ಒಡೆದು ತೆಗೆದು, ಉಕ್ಕಿನ ತೊಲೆಗಳ ಮೇಲೆ ಮೊದಲೇ ಕಾಂಕ್ರೀಟ್ ಹಾಕಿ ಸಿದ್ಧಪಡಿಸಿದ್ದ ತುಂಡುಗಳನ್ನು ಕ್ರೇನ್‌ನಿಂದ ಕೂರಿಸುತ್ತಿದ್ದರು. ತುಂಡುಗಳ ನಡುವಿನ ಸಂದಿಗೆ ಸುರಿದ ಕಾಂಕ್ರೀಟ್ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುವಂಥದ್ದು. ನನ್ನ ಲೆಕ್ಕದಲ್ಲಿ ಇಡೀ ಯೋಜನೆಯ ಜೀವ ಇದ್ದದ್ದು ಆ ಸಂದಿಯಲ್ಲೇ, ಏಕೆಂದರೆ ಅಷ್ಟು ಹೊತ್ತಿನಲ್ಲಿ ಅದು ಬಲ ಪಡೆಯದಿದ್ದರೆ ಉಳಿದ ಸಿದ್ಧತೆಯೆಲ್ಲ ನೀರಿನಲ್ಲಿ ಹೋಮ.

ಹಾಗೆಂದು ಜನರಿಗೆ ತೊಂದರೆಯೇ ಆಗುವುದಿಲ್ಲವೆಂದಲ್ಲ. ಬಾಸ್ಟನ್ನಿನ ಕಾಮನ್‌ವೆಲ್ತ್ ಅವೆನ್ಯೂ ಸೇತುವೆಯ ಮೇಲೆ ಟ್ರಾಮ್ ಹಳಿಗಳಿದ್ದರೆ, ಕೆಳಗೆ ಹೆದ್ದಾರಿಯೂ ರೈಲು ಮಾರ್ಗವೂ ಇವೆ. ಅದರ ಅರ್ಧವನ್ನು 2017ರ ಬೇಸಿಗೆಯಲ್ಲಿ, ಉಳಿದರ್ಧವನ್ನು 2018ರ ಬೇಸಿಗೆಯಲ್ಲಿ ಬದಲಿಸಿದಾಗ ಟ್ರಾಮ್ ಪ್ರಯಾಣಿಕರು ಬಸ್ ಹತ್ತಬೇಕಾಯಿತು. ವರ್ಷಗಟ್ಟಲೆ ಸವೆಸಬೇಕಿದ್ದ ಕಿರಿಕಿರಿಯನ್ನು ಕೆಲವು ವಾರಗಳಿಗೆ ಒಟ್ಟುಗೂಡಿಸಿದರು, ಅಷ್ಟೇ.

ನಮ್ಮ ಬೆಂಗಳೂರಿನ ಈಜಿಪುರ ಮೇಲ್ಸೇತುವೆಯೂ ಸೆಗ್ಮೆಂಟ್ ವಿಧಾನದ್ದೇ. 2017ರಲ್ಲಿ ಆರಂಭವಾದ ಸುಮಾರು 2.5 ಕಿಲೋಮೀಟರಿನ ಆ ಕಾಮಗಾರಿಯ ಗುತ್ತಿಗೆ 2022ರಲ್ಲಿ ರದ್ದಾಗಿ, ತಲೆಯ ಮೇಲೆ ಏನೂ ಇಲ್ಲದ ಕಂಬಗಳು ರಸ್ತೆಯ ನಡುವೆ ನಿಂತೇ ಇದ್ದವು. ದೋಷ ವಿಧಾನದ್ದಲ್ಲ. ಸೆಗ್ಮೆಂಟ್‌ಗಳು ಸರದಿಯಂತೆ ಬರದಿದ್ದರೆ ಮುಂಚಿತ ಎರಕದಿಂದ ರಸ್ತೆಗೆ ಯಾವ ಲಾಭವೂ ಇಲ್ಲ. ನಮ್ಮ ಗುತ್ತಿಗೆಗಳು ಒಟ್ಟು ಎಷ್ಟು ತಿಂಗಳ ಕೆಲಸವೆಂಬುದರ ಜೊತೆಗೆ, ರಸ್ತೆಯನ್ನು ಎಷ್ಟು ಗಂಟೆ ಮುಚ್ಚಬಹುದೆಂಬುದನ್ನೂ ನಮೂದಿಸಿ, ಮೀರಿದ ಪ್ರತಿ ಗಂಟೆಗೂ ದಂಡ ವಿಧಿಸುವಂತಾಗಬೇಕು.