ಗಾಡಿ ನೆಲಕ್ಕೆ ಬಂದ ಮೇಲೆ

“ನಿಲ್ಲಿಸು ಮಾರಾಯ, ಈಗ ಬಿಗಿ ಮಾಡ್ಬೇಡ. ಗಾಡಿ ನೆಲಕ್ಕೆ ಬರ್ಲಿ.” ಸಂತೆಕಟ್ಟೆಯ ಆಚೆಗಿನ ಗ್ಯಾರೇಜಿನಲ್ಲಿ ಸೋಮವಾರ ಸಂಜೆ ಏಳೂವರೆಯ ಹೊತ್ತಿಗೆ ಹಿರಿಯ ಮೆಕ್ಯಾನಿಕ್ ತಮ್ಮ ಹುಡುಗನಿಗೆ ಹೇಳಿದ ಈ ಮಾತು ವಾರವಿಡೀ ನನ್ನ ಕಿವಿಯಲ್ಲಿದೆ. ನನ್ನ ಮಾರುತಿ ಜಿಮ್ನಿ ಜೀಪು ಲಿಫ್ಟಿನ ಮೇಲಿತ್ತು. ನಾಲ್ಕೂ ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿದ್ದವು. ಗಾಡಿಯನ್ನು ತುಸು ಎತ್ತರಿಸಲು ತಂದ ಹೊಸ ಸ್ಪ್ರಿಂಗ್‌ಗಳೂ ಶಾಕ್ ಅಬ್ಸಾರ್ಬರ್‌ಗಳೂ ತಮ್ಮ ಜಾಗದಲ್ಲಿ ಕೂತಾಗಿತ್ತು. ಹುಡುಗ ಇಂಪ್ಯಾಕ್ಟ್ ಗನ್ ಹಿಡಿದು ಹಿಂಬದಿಯ ಎರಡು ಬೋಲ್ಟ್‌ಗಳನ್ನು ಬಿಗಿದೂ ಬಿಟ್ಟಿದ್ದ. ಅವೆರಡನ್ನೂ ಅವರು ಮತ್ತೆ ಸಡಿಲಿಸಲು ಹೇಳಿದರು.

ಹೆಬ್ರಿಯ ನಮ್ಮ ಮೂಲಮನೆಗೆ ಹೋಗುವ ಮುರಕಲ್ಲಿನ ಏರನ್ನು ಪ್ರತಿ ಮಳೆಗಾಲವೂ ಅಷ್ಟಿಷ್ಟು ಕೊರೆದು ಹೋಗುತ್ತದೆ. ಏರಿನ ನೆತ್ತಿಯಲ್ಲಿ ಗಾಡಿಯ ಹೊಟ್ಟೆ ಕಲ್ಲಿಗೆ ಉಜ್ಜುವ ಸದ್ದು ಕೇಳಿದಾಗಲೆಲ್ಲ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಜಿಮ್ನಿಯ ನೆಲದಂತರ 210 ಮಿಲಿಮೀಟರ್ ಎಂಬುದೇನೋ ನಿಜ, ಆದರೆ ನಮ್ಮಲ್ಲಿ ಸಿಗುವ ಐದು ಬಾಗಿಲಿನ ಗಾಡಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2590 ಮಿಲಿಮೀಟರ್, ಮೂರು ಬಾಗಿಲಿನದಕ್ಕಿಂತ 340 ಮಿಲಿಮೀಟರ್ ಹೆಚ್ಚು. ಉದ್ದ ಹೆಚ್ಚಿದಷ್ಟೂ ದಿಬ್ಬದ ಮೇಲೆ ಹೊಟ್ಟೆ ತಾಗುವ ಸಂಭವ ಹೆಚ್ಚು. ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆಯ ಒಳಗೆ ಇದಕ್ಕೊಂದು ಪರಿಹಾರ ಮಾಡಲೇಬೇಕೆಂದು ನಿಶ್ಚಯಿಸಿದ್ದೆ.

ಮೊದಲು ವಿಚಾರಿಸಿದ ಅಂಗಡಿಯವರು ಹಳೆಯ ಸ್ಪ್ರಿಂಗ್‌ಗಳಿಗೆ ಸ್ಪೇಸರ್ ಎಂಬ ದಪ್ಪನೆಯ ಬಿಲ್ಲೆ ಕೊಟ್ಟು ಮೂರು ಇಂಚು ಎತ್ತಿಕೊಡುತ್ತೇವೆ, ಶಾಕ್ ಬದಲಿಸುವ ಅಗತ್ಯವೇ ಇಲ್ಲ ಎಂದಿದ್ದರು. ಗಾಡಿಯ ಮೈಯನ್ನಷ್ಟೇ ಮೇಲಕ್ಕೆತ್ತಿ ಹಳೆಯ ಶಾಕ್‌ಗಳನ್ನು ಉಳಿಸಿಕೊಂಡರೆ ಅವು ನಿಂತಲ್ಲೇ ಅರ್ಧಕ್ಕಿಂತ ಹೆಚ್ಚು ಚಾಚಿಕೊಂಡಿರುತ್ತವೆ. ಚಕ್ರ ಹೊಂಡಕ್ಕೆ ಇಳಿಯುವಾಗ ಇನ್ನಷ್ಟು ಚಾಚಲು ಜಾಗವಿಲ್ಲದೆ ತುದಿಗೆ ಬಡಿಯುತ್ತವೆ. ಘಾಟಿಯಲ್ಲಿ ಸಂಸಾರವನ್ನು ಕೂರಿಸಿಕೊಂಡು ಓಡಿಸುವವನಿಗೆ ಇಂಥ ಸಲಹೆ ಕೊಡುವವರನ್ನು ನಾನು ಒಳ್ಳೆಯ ಕೆಲಸಗಾರರೆಂದು ಒಪ್ಪಲಾರೆ.

ಸಂತೆಕಟ್ಟೆಯವರು ಗಾಡಿಯನ್ನು ನೋಡುವ ಮೊದಲು ದಾರಿ ಹೇಗಿದೆಯೆಂದು ಕೇಳಿದರು. ಜಿಮ್ನಿಯ ಆ್ಯಕ್ಸಲ್‌ಗಳು ಇಡಿಯಾಗಿರುವುದರಿಂದ ಸ್ಪ್ರಿಂಗ್ ಎಷ್ಟೇ ಎತ್ತರದ್ದಾದರೂ ಆ್ಯಕ್ಸಲ್‌ನಲ್ಲಿರುವ ಗಿಯರ್ ಗೂಡು, ಅಂದರೆ ಡಿಫರೆನ್ಷಿಯಲ್, ಇದ್ದಲ್ಲಿಯೇ ಇರುತ್ತದೆ, ಅದು ಏರಬೇಕಾದರೆ ಟೈರೇ ದೊಡ್ಡದಾಗಬೇಕು, ನಿಮಗೆ ತಾಗುತ್ತಿರುವುದು ನಡುಭಾಗ, ಅದಕ್ಕೆ 40 ಮಿಲಿಮೀಟರ್ ಸಾಕು ಎಂದರು. ಸ್ಪ್ರಿಂಗ್ ಮತ್ತು ಶಾಕ್ ಸೇರಿ ಕಿಟ್‌ಗೆ 58,000 ರೂಪಾಯಿ. ಇಂಥ ಕೆಲಸಕ್ಕೆ ಇದು ಅಗ್ಗವೇ. ಶಾಕ್‌ನ ಬುಡದಲ್ಲಿ ಎಂಟು ಹಂತಗಳ ತಿರುಗುಗುಬ್ಬಿಯಿದೆ. ಅದನ್ನು ತಿರುಗಿಸಿದರೆ ಗಾಡಿಯ ಎತ್ತರವೇನೂ ಬದಲಾಗುವುದಿಲ್ಲ. ಹಂತ ಏರಿಸಿದಷ್ಟೂ ಒಳಗೆ ಎಣ್ಣೆ ಹರಿಯುವ ದಾರಿ ಕಿರಿದಾಗಿ ಸ್ಪ್ರಿಂಗಿನ ಕುಣಿತ ಬೇಗ ಅಡಗುತ್ತದೆ, ಅಷ್ಟೆ.

ಆದರೂ ಆರು ತಿಂಗಳು ಹಿಂಜರಿದಿದ್ದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಮತ್ತು 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು, ಎರಡೂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವುದನ್ನು ಒಪ್ಪುವುದಿಲ್ಲ. ಹಳೆಯ ಸ್ಪ್ರಿಂಗ್, ಶಾಕ್‌ಗಳನ್ನು ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಈ ಕಳವಳ ನನಗೆ ಪೂರ್ತಿ ಹೋಗಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಮಲ್ಪೆಯ ನಮ್ಮ ಮನೆಗೆ ಕಡಲು ಹತ್ತಿರ, ಉಪ್ಪುಗಾಳಿಗೆ ಕೆಳಭಾಗದ ಬೋಲ್ಟ್‌ಗಳು ತುಕ್ಕು ಹಿಡಿದಿದ್ದವು. ಅದಕ್ಕೇ ಗಾಡಿಯನ್ನು ಹಿಂದಿನ ಸಂಜೆಯೇ ತರಿಸಿ, ಪ್ರತಿಯೊಂದಕ್ಕೂ ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ನೆನೆಯಲು ಬಿಟ್ಟಿದ್ದರು. ಗಾಡಿಯ ಮೈ ಎತ್ತರವಾದಾಗ, ಆ್ಯಕ್ಸಲನ್ನು ಅಡ್ಡಕ್ಕೆ ಹಿಡಿದಿಡುವ ಲ್ಯಾಟರಲ್ ರಾಡ್‌ನಿಂದಾಗಿ ಮುಂದಿನ ಆ್ಯಕ್ಸಲ್ ಒಂದು ಬದಿಗೂ ಹಿಂದಿನದು ಇನ್ನೊಂದು ಬದಿಗೂ ಸರಿಯುತ್ತದೆಯಂತೆ. ಉದ್ದ ಹೊಂದಿಸಬಹುದಾದ ರಾಡ್‌ಗಳನ್ನು ಹಾಕಿ, ಮಡ್‌ಗಾರ್ಡಿನ ಅಂಚಿನಿಂದ ತೂಗುಗುಂಡು ಇಳಿಬಿಟ್ಟು, ಎಡಕ್ಕೂ ಬಲಕ್ಕೂ ಟೈರಿನವರೆಗಿನ ಅಂತರ ಒಂದೇ ಆಗುವವರೆಗೆ ಅಳೆದು ನೋಡಿದರು. ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳಲು ಬೇಕಾದ ಕ್ಯಾಸ್ಟರ್ ಕೋನವೂ ಕಡಿಮೆಯಾಗುವುದರಿಂದ ಅದಕ್ಕೆ ಬೇರೆ ಬುಷ್, ಅಂದರೆ ಕೀಲಿಗೆ ಕೂರಿಸುವ ರಬ್ಬರ್ ಬಳೆ, ಹಾಕಿದರು.

ಇಷ್ಟೆಲ್ಲ ಆದ ಮೇಲೆ ಬಂದದ್ದು ಆ ಮಾತು. ಬೋಲ್ಟ್ ಬಿಗಿದಾಗ ರಬ್ಬರ್ ಬುಷ್‌ನ ಒಳಗಿನ ಕೊಳವೆ ಅಲುಗಾಡದಂತೆ ಕಚ್ಚಿಕೊಳ್ಳುತ್ತದೆ. ಚಕ್ರ ಜೋತುಬಿದ್ದಿರುವಾಗ ಬಿಗಿದರೆ ರಬ್ಬರಿಗೆ ಆ ಜೋತ ಸ್ಥಿತಿಯೇ ಸಹಜವಾಗುತ್ತದೆ. ಗಾಡಿಯನ್ನು ಇಳಿಸಿದ ಕ್ಷಣದಿಂದ ಅದು ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ. ಇದೊಂದೂ ಗೊತ್ತಿರದ ನಾನು, ಹೊತ್ತಾಯಿತೆಂಬ ಅವಸರದಲ್ಲಿ, “ಪರವಾಗಿಲ್ಲ, ಹೇಗೂ ಬಿಗಿ ಆಗಿದೆಯಲ್ಲ, ಇರಲಿ ಬಿಡಿ” ಎಂದೆ. ಅವರು ಎಣ್ಣೆಗೈಯನ್ನು ಹಳೆಬಟ್ಟೆಯಲ್ಲಿ ಒರೆಸುತ್ತಾ ಶಾಂತವಾಗಿ ಹೇಳಿದರು: “ಗಾಡಿ ಇವತ್ತು ಓಡ್ತದೆ ಸರ್, ನಾಳೆಯೂ ಓಡ್ತದೆ. ಒಂದು ವರ್ಷಕ್ಕೆ ಬುಷ್ ಹರೀತದೆ. ಆಗ ನೀವು ನನ್ನನ್ನು ಬೈಯುದಿಲ್ಲ, ಕಿಟ್ಟನ್ನು ಬೈತೀರಿ.”

ನನಗೆ ತಟ್ಟಿದ್ದು ಆ ಕೊನೆಯ ವಾಕ್ಯ. ಹಳೆಯ ಬೊಲೆರೊ ಇದ್ದಾಗ ಕಡಿಮೆ ಬೆಲೆಯ ಶಾಕ್‌ಗಳನ್ನು ಬೇರೊಂದು ಕಡೆ ಹಾಕಿಸಿದ್ದೆ. ವರ್ಷದೊಳಗೆ ಬುಷ್‌ಗಳು ಹರಿದು ಲಟಲಟ ಸದ್ದು ಬಂದಾಗ, ಅಗ್ಗದ ಮಾಲಿನ ಹಣೆಬರಹವೇ ಇಷ್ಟು ಎಂದು ಭಾವನಿಗೂ ಗೆಳೆಯರಿಗೂ ಹೇಳಿಕೊಂಡು ತಿರುಗಿದ್ದೆ. ಆ ದಿನ ಯಾರು, ಯಾವ ಸ್ಥಿತಿಯಲ್ಲಿ ಬೋಲ್ಟ್ ಬಿಗಿದರೆಂದು ನಾನು ನೋಡಿಯೇ ಇರಲಿಲ್ಲ. ಎರಡು ಲಕ್ಷದ ಕಿಟ್ ತಂದವನ ಗಾಡಿಗೆ ಯಜಮಾನರೇ ಕೈ ಹಾಕುತ್ತಾರೆ, ಕಡಿಮೆ ದುಡ್ಡಿನವನ ಗಾಡಿ ಕೆಲಸ ಕಲಿಯುತ್ತಿರುವ ಹುಡುಗನ ಪಾಲಿಗೆ ಹೋಗುತ್ತದೆ. ಅದೂ ಸಂಜೆಯ ಅವಸರದಲ್ಲಿ. ಆಮೇಲೆ ಕೆಟ್ಟ ಹೆಸರು ಬರುವುದು ಮಾಲಿಗೆ. ಹೊಲಿಗೆ ಯಂತ್ರವಿರಲಿ, ತೋಟದ ಪಂಪಿರಲಿ, ನನ್ನಂಥ ಸಂಬಳದವರು ಕೊಳ್ಳುವ ಎಷ್ಟೋ ವಸ್ತುಗಳಿಗೆ ಹೀಗೆಯೇ ಆಗಿರಬಹುದೆಂದು ಈಗ ಅನಿಸುತ್ತಿದೆ. ಆ ಹುಡುಗನ ಮೇಲೂ ನನಗೆ ಸಿಟ್ಟಿಲ್ಲ, ಅವನಿಗೆ ಹೇಳಿಕೊಡುವವರು ಇದ್ದಾರೆ. ಬೊಲೆರೊಗೆ ಕೈ ಹಾಕಿದವನಿಗೆ ಯಾರೂ ಇದ್ದಿರಲಿಲ್ಲವೇನೋ.

ಗಾಡಿಯನ್ನು ಇಳಿಸಿ, ಮುಂದೊಮ್ಮೆ ಹಿಂದೊಮ್ಮೆ ಉರುಳಿಸಿ, ಬಾನೆಟ್ಟನ್ನು ಎರಡು ಸಲ ಅದುಮಿ ಸ್ಪ್ರಿಂಗ್‌ಗಳನ್ನು ಕೂರಿಸಿದ ಮೇಲೆ ಅವರು, ಬೇಕಾದಷ್ಟು ಬಿಗಿಯಾದಾಗ ಸದ್ದು ಮಾಡುವ ಟಾರ್ಕ್ ರೆಂಚ್ ಹಿಡಿದು ನೆಲದಲ್ಲಿ ಅಂಗಾತ ಮಲಗಿದರು. ಹುಡುಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಿಡಿದ. ಪ್ರತಿ ಬೋಲ್ಟಿಗೂ ‘ಟಕ್’ ಎಂಬ ಸದ್ದು ಬಂದಾಗ ಬಿಳಿ ಪೇಂಟಿನಲ್ಲಿ ಒಂದು ಗೆರೆ. ಕೊನೆಗೆ ಗೋಡೆಯೆದುರು ನಿಲ್ಲಿಸಿ ಹೆಡ್‌ಲೈಟ್ ಬೆಳಕನ್ನೂ ತಗ್ಗಿಸಿಕೊಟ್ಟರು, ಎದುರಿನವರ ಕಣ್ಣಿಗೆ ಹೊಡೆಯಬಾರದಲ್ಲ.

ಬುಧವಾರ ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಹತ್ತಿ ಇಳಿದೆ. ಶಾಕ್‌ನ ಗುಬ್ಬಿ ಆರನೇ ಹಂತದಲ್ಲಿದ್ದಾಗ ಸಣ್ಣ ಹೊಂಡಗಳೂ ಬೆನ್ನಿಗೆ ತಿಳಿಯುತ್ತಿದ್ದವು. ನಾಲ್ಕಕ್ಕೆ ಇಳಿಸಿದ ಮೇಲೆ ಅದು ತಗ್ಗಿತು, ತಿರುವಿನಲ್ಲಿ ಮೈ ವಾಲುವುದೂ ಹಿತಮಿತವಾಗಿಯೇ ಉಳಿಯಿತು. ಮರಳುವಾಗ ಮೂಲಮನೆಯ ಏರನ್ನು ಹತ್ತಿದೆ. ನೆತ್ತಿಯಲ್ಲಿ ಉಸಿರು ಹಿಡಿದು ಕಿವಿಗೊಟ್ಟೆ, ಹೊಟ್ಟೆ ತಾಗಲಿಲ್ಲ. ಅಂಗಳದಲ್ಲಿ ಇಳಿದವನೇ ಬಗ್ಗಿ ನೋಡಿದೆ, ಬಿಳಿ ಗೆರೆಗಳು ಒಂದೂ ಕದಲಿರಲಿಲ್ಲ. ಐನೂರು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಬಿಗಿ ನೋಡಲು ಬರಹೇಳಿದ್ದಾರೆ. ಇವತ್ತಿಗೆ 212 ಆಗಿದೆ.