ಬ್ರಾಂದಿಗೆ ತೋಟದ ಕಿತ್ತಳೆ: ನಾಲ್ಕನೇ ವಾರದ ಟಿಪ್ಪಣಿ

ಸ್ಕ್ರೂಡ್ರೈವರ್ ಎಂಬ ಕಾಕ್‌ಟೇಲಿನ ಲೆಕ್ಕ ಸರಳವಾದುದು: 50 ಮಿ.ಲೀ. ವೋಡ್ಕಾ, 100 ಮಿ.ಲೀ. ಕಿತ್ತಳೆ ರಸ, ಐಸ್. ವೋಡ್ಕಾದ ಜಾಗದಲ್ಲಿ ಬ್ರಾಂದಿ ಹಾಕಿದರೆ ಏನಾದೀತು ಎಂಬ ಕುತೂಹಲದಿಂದ, ಮೂಡಿಗೆರೆಯ ನಮ್ಮ ಮನೆಯಲ್ಲಿ ವಾರಕ್ಕೊಂದೇ ಲೋಟದಂತೆ ಪ್ರಯೋಗ ನಡೆಸುತ್ತಿದ್ದೇನೆ.

ಮೊದಲ ವಾರ ಅದೇ ಅಳತೆಯಲ್ಲಿ ಬೆರೆಸಿದ್ದು ಕೆಮ್ಮಿನ ಔಷಧಿಯಂತಾಯಿತು. ವೋಡ್ಕಾಗೆ ಹೇಳಿಕೊಳ್ಳುವಂಥ ರುಚಿಯಿಲ್ಲದಿರುವುದರಿಂದ ಅದು ರಸಕ್ಕೆ ಅಡ್ಡ ಬರುವುದಿಲ್ಲ. ಬ್ರಾಂದಿಯಾದರೋ ಪೀಪಾಯಿಯ ಮರದ ವಾಸನೆಯನ್ನೂ, ಅನೇಕ ಬಾರಿ ಬಣ್ಣಕ್ಕೆಂದು ಸೇರಿಸಿದ ಕ್ಯಾರಮೆಲ್ಲನ್ನೂ ಹೊತ್ತು ತರುತ್ತದೆ. ಜೊತೆಗೆ ನಾನು ಹಿಂಡಿದ್ದು ಕಾಫಿ ಗಿಡಗಳ ನಡುವೆ ಬೆಳೆದ ಕೊಡಗಿನ ಕಿತ್ತಳೆ. ಸಡಿಲ ಸಿಪ್ಪೆಯ ಈ ಹಣ್ಣು ಚೆನ್ನಾಗಿ ಮಾಗಿದಾಗ ಹುಳಿ ಕಡಿಮೆ, ಸಿಹಿಯೇ ಮುಂದು.

ಎರಡನೇ ವಾರದ ತಪ್ಪು ಪೂರ್ತಿ ನನ್ನದೇ. ಬೆಳಿಗ್ಗೆಯೇ ತೊಳೆಗಳನ್ನು ಬೀಜಸಮೇತ ಮಿಕ್ಸಿಗೆ ಹಾಕಿ ರಸ ತೆಗೆದಿಟ್ಟಿದ್ದೆ. ಸಂಜೆಯ ಹೊತ್ತಿಗೆ ಅದು ಬಾಯಿಗಿಡಲಾಗದಷ್ಟು ಕಹಿಯಾಗಿತ್ತು. ಬೀಜದಲ್ಲಿಯೂ ತೊಳೆಯ ಪೊರೆಯಲ್ಲಿಯೂ ಇರುವ, ತನ್ನಷ್ಟಕ್ಕೆ ಕಹಿಯಲ್ಲದ ಒಂದು ವಸ್ತು, ಅವು ಜಜ್ಜಿಹೋದಾಗ ರಸದ ಹುಳಿಯೊಂದಿಗೆ ಕೂಡಿ ನಿಧಾನವಾಗಿ ಲಿಮೊನಿನ್ ಎಂಬ ಕಹಿಯಾಗಿ ಮಾರ್ಪಡುತ್ತದೆಯೆಂಬುದು ತಿಳಿಯುವವರೆಗೆ ನಾನು ಬ್ರಾಂದಿಯನ್ನೇ ದೂರುತ್ತಿದ್ದೆ. ಈಗ ಕೈಯಲ್ಲೇ ಹಿಂಡಿ, ಸೋಸಿ, ಆ ಕೂಡಲೇ ಬಳಸುತ್ತೇನೆ.

ಮೂರನೇ ವಾರ ಬ್ರಾಂದಿಯನ್ನು 45, ರಸವನ್ನು 75 ಮಿ.ಲೀ.ಗೆ ಇಳಿಸಿ, 10 ಮಿ.ಲೀ. ಹೇರಳೆ ಹಣ್ಣಿನ ರಸ ಸೇರಿಸಿದೆ. ಉಪ್ಪಿನಕಾಯಿಗೆಂದು ತಂದಿಟ್ಟಿದ್ದ ಹಣ್ಣಿನಲ್ಲಿ ಒಂದನ್ನು ಕದ್ದದ್ದಕ್ಕೆ ಮನೆಯಲ್ಲಿ ಮಾತು ಕೇಳಬೇಕಾಯಿತಾದರೂ, ಹುಳಿ ಬಿದ್ದೊಡನೆ ಸಿಹಿ ಹದಕ್ಕೆ ಬಂತು. ಒಂದು ಚಮಚ ಕಾಫಿ ಡಿಕಾಕ್ಷನ್ ಹಾಕಿ ನೋಡಿದ್ದು ಮಾತ್ರ ಚೆಲ್ಲಲಿಕ್ಕೇ ಆಯಿತು.

ಉಳಿದ ಕೊರತೆಯೆಂದರೆ ಪರಿಮಳ. ಬ್ರಾಂದಿಯ ಅಡಿಯಲ್ಲಿ ಕಿತ್ತಳೆ ಅಡಗಿಹೋಗುತ್ತಿತ್ತು. ಕಿತ್ತಳೆಯ ಘಮ ಬಹುಪಾಲು ಇರುವುದು ಸಿಪ್ಪೆಯ ಎಣ್ಣೆಯಲ್ಲಿ, ಆ ಎಣ್ಣೆ ನೀರಿಗಿಂತ ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತದೆ. ಆದ್ದರಿಂದ ಈ ವಾರ ಎರಡು ಹಣ್ಣಿನ ಸಿಪ್ಪೆಯ ಒಳಗಿನ ಬಿಳಿ ಭಾಗವನ್ನು ಕೆರೆದು ತೆಗೆದು, 180 ಮಿ.ಲೀ. ಬ್ರಾಂದಿಯಲ್ಲಿ ಒಂದು ರಾತ್ರಿ ನೆನೆಸಿದೆ. ಹಿಂದಿನ ವಾರದ ಅಳತೆಯಲ್ಲೇ ಬೆರೆಸಿದ ಲೋಟದಲ್ಲಿ, ಮೊದಲ ಬಾರಿಗೆ, ಗುಟುಕರಿಸುವ ಮುನ್ನವೇ ಕಿತ್ತಳೆಯ ಘಮ ಮೂಗಿಗೆ ತಾಗಿತು. ಕೊನೆಯಲ್ಲಿ ನಾಲಿಗೆಯ ಮೇಲೆ ಉಳಿಯುವ ಸಣ್ಣ ಒಗರು ಸಿಪ್ಪೆಯದೋ ಬ್ರಾಂದಿಯದೋ ಎಂದು ನೋಡಲು, ಮುಂದಿನ ಬಾರಿ ನಾಲ್ಕೇ ಗಂಟೆ ನೆನೆಸುವವನಿದ್ದೇನೆ.