ಬಿ ಶೆಂಗನ ಮೊಳೆಪೆಟ್ಟಿಗೆ: ಅಂಟಿನ ಕಾಟ ಕೊನೆಗೂ ತೀರಿತು

ಮೂವತ್ತು ಮಣ್ಣಿನ ಅಚ್ಚುಮೊಳೆ (ಒಂದೊಂದರ ಮುಖದಲ್ಲಿ ಒಂದೊಂದು ಅಕ್ಷರ), ಒಂದು ಕಬ್ಬಿಣದ ತಟ್ಟೆ, ಇಪ್ಪತ್ತೈದು ಪ್ರತಿ. ಒಂದು ಮೊಳೆಯೂ ಅಲುಗಲಿಲ್ಲ, ಕೆಲಸ ಮುಗಿದ ಮೇಲೆ ಎಲ್ಲವೂ ಬಿಡಿಬಿಡಿಯಾಗಿ ಕೈಗೆ ಬಂದವು. ಚೀನಾದ ಸಾಂಗ್ ಕಾಲದ ಪಾಠಕ್ಕೆಂದು ತಯಾರಾಗುತ್ತಿರುವ ಈ ಪೆಟ್ಟಿಗೆ ಅಂತೂ ತರಗತಿಗೆ ಹೋಗಬಹುದು. ಮಣ್ಣು ಹದ ಮಾಡುವುದು, ಕನ್ನಡಿ ಬಿಂಬ ಇಳಿಸುವುದು, ಒಣಗಿಸಿ ಸುಡುವುದು ನಿಮಗೆಲ್ಲ ಗೊತ್ತಿರುವ ಕೆಲಸವೇ. ಒಂದೇ ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ: ಹಸಿಯಲ್ಲಿ 13.5 ಮಿ.ಮೀ. ಚೌಕ, 18 ಮಿ.ಮೀ. ಎತ್ತರ ಕತ್ತರಿಸಿದರೆ ಸುಟ್ಟ ಮೇಲೆ ಸುಮಾರು 12ಕ್ಕೆ 16 ಸಿಗುತ್ತದೆ. ಉಳಿದದ್ದೆಲ್ಲ ಅಂಟಿನ ಕಥೆ.

ಬಿ ಶೆಂಗ್ ಯಾವ ಹುದ್ದೆಯೂ ಇಲ್ಲದ ಸಾಮಾನ್ಯ ಮನುಷ್ಯ. ಬಿಡಿ ಮಣ್ಣಿನ ಮೊಳೆ ಜೋಡಿಸಿ ಅಚ್ಚುಮಾಡುವ ವಿಧಾನವನ್ನು 1041ರಿಂದ 1048ರ ನಡುವೆ ಅವನು ಕಂಡುಹಿಡಿದದ್ದು ನಮಗೆ ತಿಳಿದಿರುವುದು ಸಾಂಗ್ ಕಾಲದ ವಿದ್ವಾಂಸ ಶೆನ್ ಕುವೊ 1088ರ ಸುಮಾರಿಗೆ ಬರೆದಿಟ್ಟ ಒಂದು ಪುಟ್ಟ ಟಿಪ್ಪಣಿಯಿಂದ. ಅಕ್ಷರ ಕೆತ್ತುವ ಆಳ ನಾಣ್ಯದ ಅಂಚಿನಷ್ಟು. ತಟ್ಟೆಯ ಮೇಲೆ ಪೈನ್ ಮರದ ರಾಳ, ಮೇಣ, ಕಾಗದದ ಬೂದಿ. ಅದರ ಮೇಲೆ ಕಬ್ಬಿಣದ ಚೌಕಟ್ಟು, ಒಳಗೆ ಒತ್ತಾಗಿ ಮೊಳೆ. ಬೆಂಕಿಗೆ ಹಿಡಿದು ಕರಗಿಸಿ ಮೇಲಿಂದ ಸಮತಟ್ಟಾದ ಹಲಗೆಯಿಂದ ಒತ್ತುವುದು. ಎಲ್ಲ ಬರೆದ ಪುಣ್ಯಾತ್ಮ ಪ್ರಮಾಣ ಮಾತ್ರ ಬರೆದಿಲ್ಲ. ಅಜ್ಜಿಯನ್ನು ಸಾರಿನಪುಡಿಯ ಅಳತೆ ಕೇಳಿದಂತೆಯೇ ಇದೂ.

ಮೊದಲ ಪೆಟ್ಟು ರಾಳದ್ದು. ಗ್ರಂಥಿಗೆ ಅಂಗಡಿಯಲ್ಲಿ 'ರಾಳ' ಅಂದರೆ ಸಾಮಾನ್ಯವಾಗಿ ಕೊಡುವುದು ಧೂಪಕ್ಕೆ ಹಾಕುವ ಸಾಲವೃಕ್ಷದ ರಾಳ. ಅದು ಬೇರೆ ಮರ, ಬೇರೆ ಗುಣ. ಮೇಣ ಕರಗಿ ಹೊಗೆಯಾಡತೊಡಗಿದರೂ ಅದು ಕಲ್ಲುಸಕ್ಕರೆಯಂತೆ ತಳದಲ್ಲೇ ಕೂತಿರುತ್ತದೆ. ಬೇಕಾದದ್ದು ಬೆಸುಗೆ ಸಾಮಾನಿನ ಅಂಗಡಿಯ ರೋಸಿನ್, ಅಂದರೆ ಪೈನ್ ರಾಳ. ತಿಳಿ ಹಳದಿ ಬಣ್ಣ, ಒಡೆದರೆ ಗಾಜಿನ ಹೊಳಪು, ಉಗುರಲ್ಲಿ ಉಜ್ಜಿದರೆ ಪೈನ್ ವಾಸನೆ. ಕಾಗದದ ವ್ಯಾಪಾರಿಯದು ಇನ್ನೊಂದು ಪ್ರತಾಪ: ರೈಸ್ ಪೇಪರ್ ಕೇಳಿದರೆ ತಿನ್ನುವ ರೈಸ್ ಪೇಪರ್ ಕಳಿಸಿದ. ಶಾಯಿ ತಗಲಿದ ಕೂಡಲೇ ಅಂಟಂಟಾಯಿತು. ಗಾಳಿಪಟದ ಕಾಗದದ ಒರಟು ಮುಖ ಸಾಕು, ಇಲ್ಲಿ ಯಂತ್ರದ ಒತ್ತಡವೇ ಇಲ್ಲ. ಮೊಳೆಗೆ ಕುಂಚದಿಂದ ಶಾಯಿ ಬಳಿದು, ಕಾಗದ ಹಾಸಿ, ಬೆನ್ನ ಮೇಲೆ ಒಣ ಬ್ರಶ್ ಆಡಿಸುವುದಷ್ಟೇ.

ಈಗ ನಿಜವಾದ ತಲೆನೋವು. ಬೂದಿ ಹಾಕದೆ ರಾಳ, ಮೇಣ ಮಾತ್ರ ಕರಗಿಸಿದರೆ ಮಿಶ್ರಣ ಎಣ್ಣೆಯಂತೆ ಹರಿಯುತ್ತದೆ. ಮೊಳೆ ಮೊಳೆಯ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ತಾನಾಗಿ ಮೇಲೇರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಸುಟ್ಟ ಮಣ್ಣು ದೀಪದ ಬತ್ತಿಯ ಹಾಗೆ ಮೇಣ ಕುಡಿಯುತ್ತದೆ. ಹತ್ತು ನಿಮಿಷ ಬಿಸಿಯಲ್ಲಿಟ್ಟರೆ ಮೇಣ ಅಕ್ಷರದ ಮುಖದವರೆಗೆ ಬಂದಿರುತ್ತದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಶಾಯಿ ಬಳಿದಾಗಲೇ ಗೊತ್ತಾಗುವುದು: ಕೆಸುವಿನೆಲೆಯ ಮೇಲಿನ ನೀರಿನಂತೆ ಉರುಳಿ ಕೆಳಗಿಳಿಯುತ್ತದೆ. ಚೀನೀ ಶಾಯಿ ದೀಪದ ಕಪ್ಪು ಮತ್ತು ಅಂಟು ಸೇರಿದ ನೀರಿನ ಶಾಯಿ, ಮೇಣಕ್ಕೆ ಹಿಡಿಯುವುದೇ ಇಲ್ಲ. ಮರದ ಮೊಳೆ ಏಕೆ ಬೇಡವೆನ್ನುವುದಕ್ಕೆ ಶೆನ್ ಕುವೊ ಕೊಟ್ಟ ಕಾರಣಗಳಲ್ಲಿ ಮಿಶ್ರಣಕ್ಕೆ ಅಂಟಿಕೊಂಡು ಬಿಡದಿರುವುದೂ ಒಂದು. ನಮ್ಮ ಅರೆಬೆಂದ ಮಣ್ಣು ಮರದಷ್ಟೇ ಹಟ ಹಿಡಿಯಿತು. ಕೀಳಲು ಹೋದರೆ ಬುಡವೇ ತುಂಡಾಗುತ್ತಿತ್ತು.

ಬೂದಿಯ ಕೆಲಸ ಅರ್ಥವಾಗುವುದು ಆಗಲೇ. ಅದು ಅಂಟಿಗೆ ಬಲ ಕೊಡಲು ಅಲ್ಲ, ಹರಿವು ತಡೆಯಲು. ಬೂದಿ ಬಿದ್ದ ಮಿಶ್ರಣ ಕರಗಿದರೂ ತೆಳು ಅಂಬಲಿಯಂತೆ ಕೂತಲ್ಲೇ ಕೂರುತ್ತದೆ. ಹಾಗೆ ಕೂತರೆ ಮಾತ್ರ ಇನ್ನೊಂದು ಕೆಲಸ ಸಾಧ್ಯ. ಸುಟ್ಟ ಮೊಳೆಗಳ ಎತ್ತರ ಒಂದೇ ಇರುವುದಿಲ್ಲ, ಒಂದು ಮಿ.ಮೀ. ಆಚೀಚೆ ಖಂಡಿತ. ಮೇಲಿಂದ ಒತ್ತಿದಾಗ ಎತ್ತರದ್ದು ಮಿಶ್ರಣದಲ್ಲಿ ಆಳಕ್ಕೆ ಇಳಿಯುತ್ತದೆ, ಗಿಡ್ಡದ್ದು ಮೇಲೆ ನಿಲ್ಲುತ್ತದೆ, ಮುಖಗಳು ಮಾತ್ರ ಒಂದೇ ಮಟ್ಟಕ್ಕೆ ಬರುತ್ತವೆ. ಬಿ ಶೆಂಗ್ ಅಂದರೆ 'ಮೊಳೆ ಕಂಡುಹಿಡಿದವನು' ಎಂದು ಒಂದು ಸಾಲಿನಲ್ಲಿ ಮುಗಿಸುತ್ತೇವೆ. ತಟ್ಟೆ ಕೈಗೆ ಕೊಟ್ಟರೆ ಅವನ ಅರ್ಧ ಜಾಣತನ ಮೊಳೆಯ ಬುಡದಲ್ಲಿದೆ ಎಂದು ಎಂಟನೇ ತರಗತಿಯವರೂ ಹೇಳುತ್ತಾರೆ.

ನಿಂತ ಪ್ರಮಾಣ ತೂಕದಲ್ಲಿ: ರೋಸಿನ್ 100 ಗ್ರಾಂ, ಜೇನುಮೇಣ 30 ಗ್ರಾಂ, ಬೂದಿ 20 ಗ್ರಾಂ. ಮೇಣ ಕಡಿಮೆಯಾದರೆ ತಣಿದ ಮೇಲೆ ಚಕ್ಕೆ ಏಳುತ್ತದೆ, ಹೆಚ್ಚಾದರೆ ಮಧ್ಯಾಹ್ನದ ಬಿಸಿಲಿಗೇ ಮೊಳೆ ವಾಲುತ್ತದೆ. ಬೂದಿಗೆ ಜೆರಾಕ್ಸ್ ಹಾಳೆ ಮೂವತ್ತು ನಲವತ್ತು ಸುಡಬೇಕು. ಕಪ್ಪು ಚೂರು ಉಳಿಯದೆ ಬಿಳಿಬೂದು ಬಣ್ಣ ಬರುವವರೆಗೆ ಸುಟ್ಟು, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಇಂದಿನ ಹಾಳೆಗೆ ಸುಣ್ಣಕಲ್ಲಿನ ಪುಡಿ ಬೆರೆಸಿರುವುದರಿಂದ ಇಷ್ಟು ಬೂದಿ ಬರುತ್ತದೆ. ನಾರಿನಿಂದಷ್ಟೇ ಮಾಡಿದ ಅಂದಿನ ಕಾಗದಕ್ಕೆ ಇದರ ಕಾಲುಪಾಲೂ ಬರುತ್ತಿರಲಿಲ್ಲ. ಮಕ್ಕಳಿಗೆ ಈ ವ್ಯತ್ಯಾಸ ಮುಚ್ಚಿಡಬೇಡಿ.

ಬಿಸಿ ಮಾಡುವುದರಲ್ಲಿ ದಾರಿ ತೋರಿಸಿದ್ದು ಇಡ್ಲಿ ಪಾತ್ರೆ. ರೋಸಿನ್‌ಗೆ ಬೆಂಕಿ ಹತ್ತಿದರೆ ಶಾಲೆ ಖಾಲಿ ಮಾಡಬೇಕಾದೀತು. ದೋಸೆ ಕಾವಲಿ ನಡುವೆ ಬಾಗಿರುತ್ತದೆ, ಇಂಡಕ್ಷನ್ ಒಲೆ ಉಂಗುರದಾಕಾರದಲ್ಲಿ ಮಾತ್ರ ಕಾಯಿಸುತ್ತದೆ. ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ಮುಚ್ಚಳದ ಜಾಗದಲ್ಲಿ 3 ಮಿ.ಮೀ. ದಪ್ಪದ ಕಬ್ಬಿಣದ ತಟ್ಟೆ ಇಟ್ಟರೆ ಬಿಸಿ 100 ಡಿಗ್ರಿ ದಾಟುವ ಮಾತೇ ಇಲ್ಲ, ಜ್ವಾಲೆಯೂ ಹತ್ತಿರ ಸುಳಿಯುವುದಿಲ್ಲ. ಮಿಶ್ರಣ 4 ಮಿ.ಮೀ. ದಪ್ಪ ಇರಲಿ. ಕಿಟಕಿ ತೆರೆದಿರಲಿ, ಮಿಶ್ರಣ ಕಲಸುವುದು ದೊಡ್ಡವರ ಕೆಲಸ.

ಮೊಳೆಯನ್ನು ಇಡೀ ನೀರಲ್ಲಿ ನೆನೆಸಿದರೆ ಮೇಣ ಕುಡಿಯುವುದಿಲ್ಲ ನಿಜ, ಆದರೆ ಬುಡವೂ ಹಿಡಿಯದೆ ಉದುರುತ್ತದೆ. ಒದ್ದೆ ಬಟ್ಟೆಯ ಮೇಲೆ ತಲೆಕೆಳಗಾಗಿ ಒಂದೇ ನಿಮಿಷ ನಿಲ್ಲಿಸಿ. ಮುಖದ ಕಡೆ ನೀರು, ಬುಡದ ಕಡೆ ಒಣ. ಜೋಡಿಸಿ, ಬುಡದ ಮಿಶ್ರಣ ಮೆತ್ತಗಾದ ಕೂಡಲೇ ಪಾಲಿಶ್ ಮಾಡಿದ ಗ್ರಾನೈಟ್ ತುಂಡನ್ನು ಹೇರಿ, ತಟ್ಟೆಯನ್ನು ಒದ್ದೆ ಗೋಣಿಯ ಮೇಲಿಳಿಸಿ ಹತ್ತು ನಿಮಿಷ ಮುಟ್ಟಬೇಡಿ. ಕೊನೆಯಲ್ಲಿ ಮತ್ತೆ ಆವಿಗೆ ಹಿಡಿದು ಕೈಯಿಂದ ಸವರಿದರೆ ಸಾಕು, ಮೊಳೆಗಳು ಬಿದ್ದುಹೋಗುತ್ತವೆ. ಶೆನ್ ಕುವೊ ಬರೆದಿರುವುದೂ ಹೀಗೆಯೇ, ಆವಿಯ ಬದಲು ಬೆಂಕಿ ಅಷ್ಟೇ.

ಪಠ್ಯದ ಆಯ್ಕೆಯಲ್ಲೂ ಒಂದು ಪಾಠ ಸಿಕ್ಕಿತು. ಮೊದಲು ಹೊಳೆದದ್ದು 'ಸಾವಿರ ಅಕ್ಷರಗಳ ಪಠ್ಯ', ಚೀನೀ ಮಕ್ಕಳ ಹಳೆಯ ಮೊದಲ ಪುಸ್ತಕ. ಅದರ ಹೆಚ್ಚುಗಾರಿಕೆಯೇ ಒಂದು ಅಕ್ಷರವೂ ಮರುಕಳಿಸದಿರುವುದು. ಮರುಬಳಕೆ ತೋರಿಸಬೇಕಾದ ಪೆಟ್ಟಿಗೆಗೆ ಇದಕ್ಕಿಂತ ಕೆಟ್ಟ ಆಯ್ಕೆ ಇನ್ನಿಲ್ಲ! ಬದಲಿಗೆ ಕನ್‌ಫ್ಯೂಷಿಯಸ್‌ನ 'ಅನಲೆಕ್ಟ್ಸ್'ನ ಆರಂಭದ ಮೂರು ವಾಕ್ಯ: ಕಲಿತದ್ದನ್ನು ಕಾಲಕಾಲಕ್ಕೆ ಅಭ್ಯಾಸ ಮಾಡುವ ಸಂತೋಷ, ದೂರದಿಂದ ಬರುವ ಗೆಳೆಯ, ಇತ್ಯಾದಿ. 'ಗುರುಗಳು ಹೇಳಿದರು' ಎಂಬುದನ್ನು ಬಿಟ್ಟರೆ ಒಟ್ಟು 30 ಅಕ್ಷರ, ಬಗೆ ಮಾತ್ರ 21. 'ಅಲ್ಲ' ಎನ್ನುವ 'ಬು' ಐದು ಸಲ, 'ಯಿ' ಮತ್ತು 'ಹು' ಮೂರು ಮೂರು ಸಲ, 'ಅರ್' ಎರಡು ಸಲ. ಬಿ ಶೆಂಗ್ ತೀರಾ ಮಾಮೂಲಿ ಅಕ್ಷರಗಳಿಗೆ ತಲಾ ಇಪ್ಪತ್ತಕ್ಕೂ ಹೆಚ್ಚು ಮೊಳೆ ಇಟ್ಟಿದ್ದೇಕೆ, ಅಪರೂಪದ ಅಕ್ಷರ ಬಂದರೆ ಅಲ್ಲೇ ಕೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಡುತ್ತಿದ್ದದ್ದೇಕೆ ಎಂಬುದು ಈ ಎಣಿಕೆಯಲ್ಲೇ ಬಿಚ್ಚಿಕೊಳ್ಳುತ್ತದೆ. ಎರಡು ಮೂರು ಪ್ರತಿಗಾದರೆ ಇದು ಸುಲಭವಲ್ಲ, ನೂರಾರು, ಸಾವಿರಾರು ಪ್ರತಿಗಾದರೆ ಬಲು ವೇಗ ಎಂದು ಶೆನ್ ಕುವೊ ಹೇಳಿದ್ದನ್ನು ಗಡಿಯಾರ ಹಿಡಿದು ಪರೀಕ್ಷಿಸಲಿ. ಜೋಡಿಸಲು ಒಂದು ತಾಸು, ಆಮೇಲೆ ಪ್ರತಿಗೆ ಅರ್ಧ ನಿಮಿಷ.

ಜೋಡಿಸುವಾಗ ಎಡವುವ ಎರಡು ಜಾಗ: ಬರಹ ಬಲದಿಂದ ಎಡಕ್ಕೆ ಸಾಗುವ ಕಂಬಸಾಲು, ಆದ್ದರಿಂದ ತಟ್ಟೆಯಲ್ಲಿ ಮೊದಲ ಸಾಲು ಎಡಕ್ಕೆ ಬರಬೇಕು. 'ಮನುಷ್ಯ' ಎನ್ನುವ ಎರಡು ಗೀಟಿನ 'ರೆನ್' ಅನ್ನು ತಿರುಗಿಸದೆ ಕೆತ್ತಿದರೆ ಹೆಚ್ಚುಕಡಿಮೆ 'ಒಳಹೋಗು' ಎನ್ನುವ 'ರು' ಆಗಿ ಅಚ್ಚಾಗುತ್ತದೆ. ಅಚ್ಚಾಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಮುಂದಿನದು ವಾಂಗ್ ಝೆನ್‌ನ ತಿರುಗುಮೇಜು. 1298ರಲ್ಲಿ ಮರದ ಮೊಳೆಯಿಂದ ಜಿಲ್ಲೆಯ ವಿವರ ಗ್ರಂಥವನ್ನು ಒಂದು ತಿಂಗಳೊಳಗೆ ನೂರು ಪ್ರತಿ ಅಚ್ಚುಮಾಡಿದವನು. ಮರಕ್ಕೆ ಅವನು ಅಂಟನ್ನೇ ಬಿಟ್ಟು ಬಿದಿರಿನ ಸೀಳು, ಮರದ ಬೆಣೆ ಬಳಸಿದ. ಈ ಪುಟ ಬರೆದ ಮೇಲೆ ಅವನ ಮೇಲೆ ಗೌರವ ಇನ್ನೂ ಹೆಚ್ಚಾಗಿದೆ. ಮೇಜಿನ ಅಗಲ ಏಳು ಚಿ, ಅಂದರೆ ಎರಡು ಮೀಟರಿಗೂ ಹೆಚ್ಚು. ಪ್ರಾಸದ ಪ್ರಕಾರ ಅಕ್ಷರ ಹಂಚಿ ಒಬ್ಬ ಸಂಖ್ಯೆ ಕೂಗಿದರೆ ಇನ್ನೊಬ್ಬ ಕೂತಲ್ಲೇ ಮೇಜು ತಿರುಗಿಸಿ ಮೊಳೆ ಆರಿಸುವುದು. ಮೂರನೇ ಒಂದರ ಅಳತೆಯಲ್ಲಿ 12 ಮಿ.ಮೀ. ಪ್ಲೈವುಡ್, ನಡುವೆ ಊಟದ ಮೇಜಿನ ತಿರುಗುತಟ್ಟೆಯ ಬೇರಿಂಗ್ ಸಾಕು ಎಂಬ ಅಂದಾಜು.

ಅದಕ್ಕೂ ಮುಂಚೆ ಒಂದು ಬಾಕಿ ಇದೆ. 16 ಗೀಟಿನ 'ಶ್ಯುಯೆ' 12 ಮಿ.ಮೀ. ಮುಖದಲ್ಲಿ ಮತ್ತೆ ಪುಡಿಯಾಗಿದೆ, ಇದು ನಾಲ್ಕನೇ ಸಲ. ಅರ್ಥ 'ಕಲಿಯುವುದು'. ಅಪಶಕುನ ಅನ್ನದೆ, ಮಣ್ಣನ್ನು ಇನ್ನೊಮ್ಮೆ ಸೋಸಿ ಮರಳು ತೆಗೆಯಬೇಕು.